ಎಡಗಡಿ ಸೋರೋ ಗಾಳಿ

ಗಾಳಿ ಮೀಟರಿನ ಮುಳ್ಳು ಮತ್ತ ಇಳೀಲಿಕತ್ತದ, ಕೂದಲೆಳಿಯಷ್ಟು, ದಿಟ್ಟಿಸಿ ನೋಡಿದ್ರ ಇಳದಂಗ ಕಾಣೂದಿಲ್ಲ, ಅತ್ತಾಗ ಸೂಗಪ್ಪನ ಚಾದ ಹೋಟೆಲ್ ಕಡಿ ಒಮ್ಮೆ ಕಣ್ಣು ಹಾಯಿಸಿ ತಿರುಗಿ ನೋಡಿದ್ರ ಇಳದಿರ್ತದ, ಬೇವಿನಗಿಡದ ನೆರಳು ಸರದಂಗ, ಸರಿಸಿದವರು ಯಾರೂ ಇಲ್ಲ, ಖರೆ ಸರದದ — ಕಾಲು ತಗಿ ಅಂತೀನಿ, ಸೂರ್ಯಕಾಂತ ಬ್ರೇಕ್ ಪೆಡಲ್ ಮ್ಯಾಲಿಂದ ಕಾಲು ತಗೀತಾನ, ಮುಳ್ಳು ನಿಲ್ತದ, ಇಡು ಅಂತೀನಿ, ಇಡ್ತಾನ, ಇಳೀತದ. ಅಂದ್ರ ಗಾಳಿ ಟಾಕಿ ಪಾಪ ಶುದ್ಧ ಅದ, ಟಾಕಿಯಿಂದ ಪೆಡಲಿಗೆ ಬರೋ ನಳಿನೂ ಶುದ್ಧ, ತಪ್ಪಿರೋದು ಪೆಡಲ್ ದಾಟಿ ಗಾಲಿಗೋಳ ಕಡಿ ಹೋಗೋ ಹಾದ್ಯಾಗ, ಅಲ್ಲಿ ಎಲ್ಲೋ ಗಾಳಿ ನುಸುಳಿ ಹೋಗಲಿಕತ್ತದ, ಎಲ್ಲಿ, ಅದೇ ಎಲ್ಲಿ. ಎಂಜಿನ್ ಬಂದ್ ಅದ, ಗಾಲಿ ಹಿಂದ ಮುಂದ ಫರಸಿ ತುಂಡು ಇಟ್ಟೀನಿ, ಹತ್ತು ಗಾಲಿ ಲಾರಿ, ಬೆನ್ನ ತುಂಬ ಶಹಾಬಾದದ ಕಲ್ಲು ಹೇರಿಕೊಂಡು ನನ್ನ ಅಂಗಳದಾಗ ನಿಂತದ, ನಾನು ಕ್ಯಾಬಿನ್ ಮೆಟ್ಟಿಲ ಮ್ಯಾಲ ನಿಂತು ಖಿಡಕಿಯೊಳಗ ತಲಿ ಹಾಕೀನಿ, ಸೂರ್ಯಕಾಂತನ ಕಿವಿ ನನ್ನ ಮಾರಿ ಮುಂದ ಅದ, ಸಣ್ಣ ಕಿವಿ, ಅದರ ಹಿಂದ ಅರ್ಧ ಸೇದಿದ ಬೀಡಿ ಸಿಗಿಸ್ಯಾನ, ಬೀಡಿ ಇಡಲಿಕ್ಕೆ ಒಂದು ಗೂಟ ಆದ್ರೂ ಸಾಕಿತ್ತು ಇವಗ, ಅಲ್ಲಾ ಅಂಥಾ ಕಿವಿ ಕೊಟ್ಟಾನ, ಎರಡೂ. ಆ ಕಿವೀಲೇ ನಿನ್ನಿ ಕೇಳ್ಯಾನ. ನಿನ್ನಿ ಕಲ್ಲು ತುಂಬಲಿಕ್ಕೆ ಶಹಾಬಾದಕ್ಕ ಹೋಗೋ ಮುಂದ ಚಾ ಕುಡೀಲಿಕ್ಕೆ ಇಳದಿದ್ದ, ಹೋಟೆಲ್ ಕಟ್ಟಿ ಮ್ಯಾಲ ಕುಂತು ಅಂದ — ಚಾಚಾ, ಚಾಚಿ ಭಾಳ ಚಂದ ಗುನುಗ್ತಾರ ನೋಡ್ರಿ, ಬಾಯಿ ತೆರಿಯಂಗಿಲ್ಲ ಏನಿಲ್ಲ, ಒಳಗೊಳಗೇ, ನಮ್ಮವ್ವ ಬೀಸೋವಾಗ ಹಿಂಗೇ ಇತ್ತು, ನಮ್ಮೂರು ಸುಲೇಪೇಟ ನೆನಪಾತು ನನಗ. ಗಲ್ಲಾದ ಮ್ಯಾಲಿದ್ದ ಸೂಗಪ್ಪನೂ ತಲಿ ಹಾಕಿದ, ಅಯ್ಯ ದಿನಾ ಗುನುಗ್ತಾರಲ್ಲ ಮಿಸ್ತ್ರಿ, ನಿಮಗೇನು ಹೊಸಾದೇನು. ದಿನಾ. ನಾನು ಬಸಿಯೊಳಗಿನ ಚಾ ಊದಿಕೋತ ಕುಂತಿದ್ದೆ, ಹೌದೌದು ಅಂದೆ, ಅಷ್ಟೇ ಅಂದೆ, ಚಾ ಆರಿ ಹೋಗಿತ್ತು, ಆದ್ರೂ ಊದಲಿಕತ್ತಿದ್ದೆ. ಅಮೀರ್ಬೀ ಗುನುಗೂದು ಬಿಟ್ಟು ಯಾವ ಕಾಲ ಆತೋ ಅಂತ ತಿಳಕೊಂಡಿದ್ದೆ ನಾನು. ನನ್ನ ಹೆಂಡತಿ ಆಕಿ. ವಯಸ್ಸಾತು, ಬಿಟ್ಟಾಳ, ಎಲ್ಲಾರೂ ಬಿಡ್ತಾರ ಅಂತ.

ಬಿಟ್ಟಿಲ್ಲ. ನಾನು ಬಿಟ್ಟೀನಿ, ಕೇಳೂದು. ಎಷ್ಟೋ ವರ್ಷದ ಹಿಂದ ಶಹಾಬಾದದಾಗ ಟೈರಿಗೆ ಗಾಳಿ ಹಿಡಿಯೋವಾಗ ಗಾಲಿಯ ಕಬ್ಬಿಣ ರಿಂಗ್ ಕಿತ್ತು ಹಾರಿತು, ಎಡಗಿವಿ ಬಾಜುಕ ಹಾದು ಹೋಗಿ ಗ್ವಾಡಿಗೆ ಬಡೀತು, ಗ್ವಾಡಿಯ ಕಲ್ಲು ಎರಡು ಹೋಳು, ನನಗ ಒಂದು ಗೀರೂ ಇಲ್ಲ, ದರ್ಗಾದಾಗ ಸಕ್ರಿ ಹಂಚು ದಸ್ತಗೀರಾ ಅಂದ್ರು, ಹಂಚಿದೆ, ಎಲ್ಲಾರ ಬಾಯಿ ಆಡ್ತಿದ್ದವು, ಸಕ್ರಿ ತಿಂತಿದ್ದವು, ದನಿ ಇರಲಿಲ್ಲ. ಮುಂದ ಬಲಗಿವಿ ತಿರುಗಿ ಬಂತು. ಎಡದ್ದು ಬರಲಿಲ್ಲ. ಒಂದು ಹೋದ್ರ ಏನಾತು ಒಂದು ಅದಲ್ಲ ಅಂದ್ಲು ಅಮೀರ್ಬೀ, ನಾನೂ ಹಂಗೇ ಅಂದೆ, ಒಂದು ಕಣ್ಣು ಹೋದವರು ಲಾರಿ ಹೊಡೀತಾರ, ಒಂದು ಕಿವಿ ಏನು ಮಹಾ. ಖರೆ ಒಂದೇ ಕಿವಿ ಇದ್ದವಗ ದನಿ ಕೇಳ್ತದ, ದಿಕ್ಕು ಕೇಳಂಗಿಲ್ಲ, ಇದು ಎರಡೂ ಇದ್ದವರಿಗೆ ಗೊತ್ತಿಲ್ಲ, ಹೋದವಗೇ ಗೊತ್ತು. ಅಂಗಳದಾಗ ಯಾರೋ ದಸ್ತಗೀರ್ ಅಂತ ಕರದ್ರ ನಾನು ಬಲಕ್ಕೇ ತಿರುಗ್ತೀನಿ, ಎಡಕ್ಕ ನಿಂತವರು ನಗ್ತಾರ. ಗಾಳಿ ಸೋರಿದ್ರೂ ಹಂಗೇ, ಸುಸ್ಸ್ ಅಂತ ಸಣ್ಣಗ ಕೇಳ್ತದ, ಆದ್ರ ಎಲ್ಲಾ ಬಲಕ್ಕೇ ಕೇಳ್ತದ, ಲಾರಿ ಯಾವ ದಿಕ್ಕಿಗೆ ನಿಲ್ಲಲಿ, ನಾ ಎಲ್ಲೇ ನಿಲ್ಲಲಿ, ನನ್ನ ಬಲಕ್ಕೇ ಸೋರ್ತದ. ಇದೇ ಕಿವಿ ಸಲುವಾಗಿ, ಒಂದು ಕಾಲಕ್ಕ, ಮೊದಲ ಸಲ ಗಾಳಿ ಬ್ರೇಕಿನ ದೊಡ್ಡ ಗಾಡಿಗೋಳು ಈ ಕಡಿ ಬಂದಾಗ, ಚಿತ್ತಾಪುರದವರು ಸೇಡಮ್ಮಿನವರು ವಾಡಿಗೆ ಬಂದು ದಸ್ತಗೀರನ ಅಂಗಳ ಎಲ್ಲದ ಅಂತ ಕೇಳ್ತಿದ್ದರು. ನಾನು ಗಾಡಿ ಸುತ್ತ ಒಂದು ಸುತ್ತು ಸುಮ್ಮನ ನಡೀತಿದ್ದೆ, ಕೈ ಹಿಂದ ಕಟ್ಟಿ, ನಮಾಜಿಗೆ ಹೋದಂಗ, ನಿಂತಲ್ಲಿ ನಿಂತು ಕೈ ಚಾಚಿದ್ರ ಅಲ್ಲೇ ಇರ್ತಿತ್ತು ಸೋರಿಕೆ. ಸಾಬೂನ ನೀರು ಬ್ಯಾಡೇನು ಮಿಸ್ತ್ರಿ ಅಂದ್ರ, ಅದು ನಿಮಗ ತೋರಸಲಿಕ್ಕೆ, ನನಗಲ್ಲ ಅಂತಿದ್ದೆ. ಹಂಗ ಅಂತಿದ್ದೆ. ದಾಡಿ ಮಾಡೋ ಬ್ರಶ್ಶಿನಿಂದ ಆ ಜಾಗಕ್ಕ ನೊರಿ ಹಚ್ಚತಿದ್ದೆ, ಗುಳ್ಳಿ ಏಳ್ತಿತ್ತು, ತೆಳ್ಳನ ತೊಗಲಿನಂಥಾ ಗುಳ್ಳಿ, ಉಬ್ಬಿ ಒಡದು ಮತ್ತ ಉಬ್ಬಿ, ಡ್ರೈವರ್‌ಗೋಳು ಹೆಗಲ ಮ್ಯಾಲಿನ ಟಾವೆಲ್ ತಗದು ಬಗ್ಗಿ ನೋಡ್ತಿದ್ದರು.

ಅಮೀರ್ಬೀ ಕುರಕುಂಟಾದಾಕಿ, ಅವರಪ್ಪ ಪಿಂಜಾರ, ಹತ್ತಿ ಹಿಂಜೋ ಬಿಲ್ಲು ಮನಿ ನಡುವ ತೂಗ್ತಿತ್ತು, ನಾನು ಹೆಣ್ಣು ನೋಡಲಿಕ್ಕೆ ಹೋದಾಗ ಮನಿ ತುಂಬ ಹತ್ತಿ ಅರಳಿ ಹಾರಾಡ್ತಿತ್ತು, ನನ್ನ ಮೀಸಿ ಮ್ಯಾಲ ಕುಂತಿತ್ತು, ಆಕಿ ಬಾಗಿಲ ಹಿಂದ ನಿಂತು ನಕ್ಕಳು. ಬಿಲ್ಲಿನ ನರ ಮಿಡದ್ರ ದನಿ ಕೇಳಿ ಹತ್ತಿ ಹಸಿ ಅದನೋ ಒಣಗ್ಯಾದನೋ ಹೇಳ್ತಿದ್ಲಂತ, ಒಳಗ ಕುಂತು ರೊಟ್ಟಿ ಬಡಕೋತ ಹೇಳ್ತಿದ್ಲಂತ, ಅಬ್ಬಾ ಇದು ಇನ್ನಾ ಬಿಸಲು ಬೇಡ್ತದ ಅಂತ, ಅವರಪ್ಪ ನನಗ ಇದನ್ನು ಹೆಮ್ಮೀಲೆ ಹೇಳಿದ್ದ, ನಾನು ಹುಂ ಅಂದಿದ್ದೆ, ಹುಡುಗಿ ಕಿವಿ ತಗೊಂಡು ನಾನೇನು ಮಾಡ್ಲಿ ಅಂತ. ಅಪ್ಪ ಬಿಲ್ಲು ಮಿಡಿತಿದ್ರ ಆಕಿ ಅದಕ್ಕ ಜೋಡಿ ಗುನುಗೂದು, ಮಾತಿಲ್ಲ, ಬರೇ ದನಿ, ಗಂಟಲಿನ ಬುಡದಾಗ ಒಂದು ಕುಣಿ ಅದಲ್ಲ, ಎರಡು ಎಲುಬಿನ ನಡುವ, ಅಲ್ಲಿಯ ತೊಗಲು ಉಬ್ಬಿ ಇಳೀತಿತ್ತು, ಉಬ್ಬಿ ಇಳೀತಿತ್ತು, ಅದನ್ನ ನಾನು ಲಗ್ನಾದ ಮ್ಯಾಲ ನೋಡಿದೆ, ಭಾಳ ಹತ್ತರದಿಂದ ನೋಡಿದೆ. ಅದು ನಂದು ಅಂತಿತ್ತು ಮನಸ್ಸು. ಜಗತ್ತಿನ್ಯಾಗ ಆ ಕುಣಿ ನಾನೊಬ್ಬನೇ ನೋಡೀನಿ ಅಂತ. ಮತ್ತ ಈಗ ಸುಲೇಪೇಟದವ ಬಂದು ಭಾಳ ಚಂದ ಗುನುಗ್ತಾರ ಅಂತಾನ.

ಆಕಿ ದಿನಾ ಬುತ್ತಿ ತರ್ತಾಳ, ಬೇವಿನ ಬುಡದ ಕಲ್ಲಿನ ಮ್ಯಾಲ ಕುಂದರ್ತಾಳ, ಓಢಣಿ ತಲಿ ತುಂಬ ಹೊದ್ದು, ಲಾರಿ ಕಡಿ ಮಾರಿ ಮಾಡಿ, ನಾನು ಕೈ ತೊಳಿಯೋ ತನಕ ಕಾಯ್ತಾಳ. ಕಿವಿ ಹೋದ ಹೊಸದಾಗಿ ಒಂದು ಸಿಮೆಂಟ್ ಲಾರಿ ಬಂದಿತ್ತು, ನಾನು ಬಲಗಡಿ ಗಾಲಿ ಬಿಚ್ಚಿ ಕುಂತಿದ್ದೆ, ಬಿಸಲು ನೆತ್ತಿಗೆ ಬಂದರೂ ಸೋರಿಕೆ ಸಿಗಲಿಲ್ಲ, ಡ್ರೈವರ್ ಗೊಣಗಲಿಕತ್ತಿದ್ದ, ಆಕಿ ಕುಂತಲ್ಲಿಂದ ಏನೋ ಅಂದ್ಲು, ಏನು ಅಂದೆ, ಮತ್ತೇನೋ ಅಂದ್ಲು, ಏನು ಅಂದೆ, ಎಲ್ಲಾರ ಮುಂದ ಒದರಲಿಕ್ಕೆ ಆಗಂಗಿಲ್ಲ ಆಕಿಗೆ, ಬುತ್ತಿ ಗಂಟು ಎತ್ತಿ ತನ್ನ ಎಡಕ್ಕ ಇಟ್ಲು, ತುಸು ಹಿಂದಕ್ಕ ಸರಿಸಿದ್ಲು. ನನ್ನ ಮಾರಿ ನೋಡಿದ್ಲು. ನಾನು ಎದ್ದು ಎಡಗಡಿ ಹಿಂದಿನ ಗಾಲಿಗೆ ಹೋದೆ. ಅಲ್ಲೇ ಇತ್ತು. ಅವತ್ತಿನಿಂದ ಇದು ನಡದದ, ಗಂಟು ಎಡಕ್ಕಿದ್ರ ಎಡ, ಬಲಕ್ಕಿದ್ರ ಬಲ, ಮೊಳಕಾಲ ಮುಂದ ಇದ್ರ ಮುಂದಿನ ಗಾಲಿ, ಬೆನ್ನ ಹಿಂದ ಇದ್ರ ಹಿಂದಿನದು, ಮನ್ಯಾಗ ಈ ಮಾತು ಒಮ್ಮೆಯೂ ಆಡಿಲ್ಲ ನಾವು, ಆಕಿನೂ ಆಡಿಲ್ಲ, ನಾನೂ ಆಡಿಲ್ಲ. ನಾನು ಮೊದಲಿನಂಗೇ ಕೈ ಹಿಂದ ಕಟ್ಟಿ ಗಾಡಿ ಸುತ್ತ ನಡೀತೀನಿ, ಬೇವಿನ ಬುಡಕ್ಕ ಬಂದಾಗ ಗಂಟು ನೋಡ್ತೀನಿ, ಮುಂದ ಹೋಗಿ ಕೈ ಚಾಚ್ತೀನಿ, ಡ್ರೈವರ್‌ಗೋಳು ವಾಹ್ ಅಂತಾರ, ಈ ವಯಸ್ಸಿನ್ಯಾಗ ಏನು ಕಿವಿ ಚಾಚಾ ಅಂತಾರ. ಆಕಿ ಆ ಕಡಿ ನೋಡ್ತಾಳ. ಮೊದಮೊದಲು ಇದು ಸಿಹಿ ಇತ್ತು, ಒಂದೇ ಎಲಿ ಇಬ್ಬರು ಹಂಚಿ ತಿಂದಂಗ. ಬರಬರತಾ ಆ ವಾಹ್ ನನ್ನ ಮೈಗೆ ಹತ್ತದೇ ಹೋಗಲಿಕತ್ತಿತು, ಅದು ನನ್ನ ದಾಟಿ ಬೇವಿನ ಬುಡಕ್ಕ ಹೋಗಿ ಬೀಳಲಿಕತ್ತಿತು, ಯಾರಿಗೂ ಕಾಣದಂಗ, ನನಗ ಅಷ್ಟೇ ಕಾಣಂಗ. ಆಕಿ ಕಿವಿಯ ಮ್ಯಾಲ ನನಗ ಹೊಟ್ಟೆಕಿಚ್ಚು. ಹೆಂಡತಿ ಕಿವಿ ಮ್ಯಾಲ. ಯಾರಿಗಾರ ಹೇಳೋ ಮಾತೇನು ಇದು.

ಆದ್ರ ಅದೂ ಅಲ್ಲ, ಅದು ನಿನ್ನಿ ತನಕ. ನಿನ್ನಿಯಿಂದ ಬ್ಯಾರೆ ಅದ. ಮನ್ಯಾಗ ಆಕಿ ನನ್ನ ಜೋಡಿ ಒದರಿ ಮಾತಾಡ್ತಾಳ, ನೀರು ಬಿಟ್ಟಾರ, ರೊಟ್ಟಿ ಆಗ್ಯಾವ, ಮಲ್ಕೋರಿ, ಒದರೋ ಮಾತು ಅಷ್ಟೇ ಉಳದಾವ ನನಗ, ಒದರಲಿಕ್ಕೆ ಬರದ ಮಾತು ಎಲ್ಲಿ ಹೋದ್ವು ಅಂತ ನಾನು ಎಂದೂ ಕೇಳಿಕೊಂಡಿಲ್ಲ. ಮೊದಲು ದೀಪ ಸಣ್ಣ ಮಾಡಿದ ಮ್ಯಾಲ ಆಡ್ತಿದ್ಲಲ್ಲ, ಬಾಜು ಮನಿ ಹಮೀದಾಬೇಗಂ ಸೊಸಿ ಹಂಗಂದ್ಲು, ಕುರಕುಂಟಾದಾಗ ನಮ್ಮ ಹುಣಸಿಗಿಡ ಕಡದ್ರಂತ, ನಿಮ್ಮ ಕೈ ಇವತ್ತು ಡೀಸಲ್ ವಾಸನಿ ಬರಲಿಕತ್ತದ ಅಂತ, ಸಣ್ಣ ಸಣ್ಣವು, ಉಪಯೋಗ ಇಲ್ಲದವು, ಒದರಿದ್ರ ಹಾಳಾಗೋವು. ಅವನ್ನೆಲ್ಲ ಯಾರು ಕೇಳಲಿಕತ್ತಾರ ಈಗ, ಹಮೀದಾಬೇಗಂ ಕೇಳ್ತಾಳ, ಮನಿ ಮುಂದಿನ ಕೋಳಿ ಕೇಳ್ತಾವ, ಸೂಗಪ್ಪ ಚಾ ಸೋಸಿಕೋತ ಕೇಳ್ತಾನ, ಹಾದಿ ಮ್ಯಾಲ ಹೋಗೋ ಸೂರ್ಯಕಾಂತ ಕೇಳ್ತಾನ. ಅವನ ಮನಸ್ಸಿನ್ಯಾಗ ಏನಿಲ್ಲ, ಒಳ್ಳೆ ಮನಷ್ಯ, ಅವ್ವನ್ನ ನೆನಸಿದ, ಅದು ನನಗ ಗೊತ್ತದ, ಗೊತ್ತಿದ್ರ ಏನಾತು, ಗೊತ್ತಿದ್ದಷ್ಟೂ ಸಿಟ್ಟಿಗೆ ಕುಂದ್ರಲಿಕ್ಕೆ ಜಾಗ ಸಿಗಂಗಿಲ್ಲ. ನಿನ್ನಿ ರಾತ್ರಿ ಆಕಿ ಭಾಂಡಿ ತೊಳೀಲಿಕತ್ತಿದ್ಲು, ನಾನು ಗಂಟಲು ನೋಡಿದೆ, ಓಢಣಿ ಅಡ್ಡ ಇತ್ತು. ಮುಂಜಾನಿ ಅಂದೆ, ಇವತ್ತು ಬುತ್ತಿ ತರಬ್ಯಾಡ. ಯಾಕ ಅಂತ ಕೈ ತಿರುವಿದ್ಲು. ಹಸಿವಿಲ್ಲ ಅಂದೆ. ಮುಂಜಾನಿಗೇ ಮಧ್ಯಾಹ್ನದ ಹಸಿವು ಇಲ್ಲಂತ ಹ್ಯಾಂಗ ತಿಳೀತು ಅಂತ ಆಕಿ ಒದರಲಿಲ್ಲ, ನಕ್ಕಳು ಅಷ್ಟೇ, ನಾನು ಅಂಗಿ ಹಾಕ್ಕೊಂಡು ಬಂದೆ.

ಬಂದ್ರ ಈ ಲಾರಿ. ನಿಂತಿತ್ತು ನನಗಂತಲೇ. ಚಾಚಾ, ಬ್ರೇಕ್ ಮೆತ್ತಗಾಗಲಿಕತ್ತದ, ಶಹಾಬಾದ ಬಿಟ್ಟಾಗಿನಿಂದ, ಕಾಲಿಟ್ರ ಮುಳ್ಳು ಇಳೀತದ, ನೋಡ್ರಿ ಜರಾ, ಇವತ್ತ ಕುಂಚಾವರಂ ದಾಟಬೇಕು. ನೋಡ್ತೀನಿ ಅಂದೆ. ಬಲಗಿವಿ ಕೊಟ್ಟು ಸುತ್ತಾಡಿದೆ, ಸುಸ್ಸ್ ಅಂತು, ಖರೆನೇ ಕೇಳಿಸ್ತು, ಬಲಕ್ಕ, ಹಿಂದಿನ ಗಾಲಿಗೆ. ಇವತ್ತು ನಾನೇ ಹುಡುಕ್ತೀನಿ ಅಂದುಕೊಂಡೆ, ಗಂಟು ಗಿಂಟು ಏನೂ ಬ್ಯಾಡ. ಬಲಗಡಿ ಹಿಂದಿನ ಗಾಲಿಯ ರಬ್ಬರ್ ನಳಿ ಬಿಚ್ಚಿ ಹೊಸಾದು ಹಾಕಿದೆ, ಹಳೇದನ್ನ ಗೋಣಿಚೀಲದ ಮ್ಯಾಲ ಒಗದೆ, ಮುಳ್ಳು ಇಳೀತು, ಗಾಲಿಗೆ ಬ್ರೇಕ್ ಒತ್ತೋ ಡಬ್ಬಿ ಬಿಚ್ಚಿ ಒಳಗಿನ ರಬ್ಬರ್ ಬದಲಿಸಿದೆ, ಇಳೀತು, ನೊರಿ ಹಚ್ಚಿದೆ, ಕಾಲು ಒತ್ತು ಅಂದೆ, ಸೂರ್ಯಕಾಂತ ಒತ್ತಿದ, ಒಂದು ಗುಳ್ಳಿ ಏಳಲಿಲ್ಲ. ಎಡಗಡಿಗೂ ಹೋಗಿ ಬ್ರಶ್ ಆಡಿಸಿ ಬಂದೆ, ಒತ್ತು ಅನಲಿಲ್ಲ ಅಲ್ಲಿ, ಯಾಕ ಅಂದಿಲ್ಲ, ಅಲ್ಲಿಲ್ಲ ಅಂತ ನನಗ ಗೊತ್ತಿತ್ತಲ್ಲ, ಆ ಹೊತ್ತಿಗೆ ಅವ ಕಾಲು ತಗದು ಬೀಡಿ ಹಚ್ಚಲಿಕತ್ತಿದ್ದ. ಮುಳ್ಳು ಇಳೀಲಿಕತ್ತದ. ಸೂಗಪ್ಪ ಹೋಟೆಲ್‌ನಿಂದ ಒದರ್ತಾನ, ನನ್ನ ಸಲುವಾಗಿ ಎಲ್ಲಾರೂ ಒದರ್ತಾರ, ಏನ್ ಮಿಸ್ತ್ರಿ, ಇವತ್ತು ಗಾಡಿ ಬಲಗಡಿ ಅಷ್ಟೇ ಹೊಸದು ಮಾಡಿ ಕಳಸ್ತೀರೇನು. ಸೂರ್ಯಕಾಂತ ನಗ್ತಾನ, ಇರಲಿ ಬಿಡ್ರಿ ಸೂಗಪ್ಪಣ್ಣ, ಬಲಕ್ಕ ಬ್ರೇಕ್ ಹಿಡದು ಅಲ್ಲೇ ಗಿರಗಿಟ್ಲಿ ಆಡ್ತೀನಿ. ನಗು ಕೇಳ್ತದ ನನಗ, ಬಲಕ್ಕ ಕೇಳ್ತದ.

ನೆರಳು ಗಾಲಿ ಕೆಳಗ ಬಂತು. ಸೂರ್ಯಕಾಂತ ಖಿಡಕಿಯಿಂದ ಮಾರಿ ಹೊರಗ ಹಾಕ್ತಾನ — ಚಾಚಾ, ಇನ್ನ ಹೊತ್ತು ಮಾಡಿದ್ರ ಕುಂಚಾವರಂ ಘಾಟಿನ ಇಳಕಲಿಗೆ ಕತ್ತಲಾಗ್ತದ, ಎಂಜಿನ್ ಚಾಲೂ ಇದ್ರ ಗಾಳಿ ತುಂಬಿಕೋತ ಇರ್ತದಲ್ಲ, ನಡೀತದೇನು ಇಷ್ಟಕ್ಕ, ನೀವು ಹೋಗಂದ್ರ ಹೋಗ್ತೀನಿ. ನೀವು ಹೋಗಂದ್ರ. ಇವಗ ನನ್ನ ಮಾತು ಅಷ್ಟು ಗಟ್ಟಿ. ನಡೀತದ, ಎಷ್ಟೋ ಗಾಡಿ ನಡೀತಾವ, ತುಸು ಸೋರ್ತದ, ತುಸು ತುಂಬ್ತದ, ಸಪಾಟ ರಸ್ತಾದಾಗ, ಚಿತ್ತಾಪುರ ತನಕ ಏನಿಲ್ಲ, ಸೇಡಂ ತನಕ ಏನಿಲ್ಲ, ತೊಗರಿ ಹೊಲ ಎರಡೂ ಕಡಿ, ಚಿಂಚೋಳಿ ದಾಟಿದ ಮ್ಯಾಲ ಅಡವಿ, ಇಳಕಲು, ಅಲ್ಲಿ ಬರೇ ತಿರುವು, ತಿರುವಿಗೆ ತಿರುವಿಗೆ ಕಾಲು ಇಡಬೇಕು, ಇಟ್ಟಾಗೆಲ್ಲಾ ಒಂದಷ್ಟು ಹೋಗ್ತದ, ತುಂಬಿಕೊಳ್ಳಲಿಕ್ಕೆ ಪುರಸೊತ್ತು ಸಿಗಂಗಿಲ್ಲ, ಬೆನ್ನ ಮ್ಯಾಲ ಕಲ್ಲು, ಕಲ್ಲಿಗೆ ಇಳಕಲು ಅಂದ್ರ ಭಾಳ ಪ್ರೀತಿ. ಅಲ್ಲಿ ಒಮ್ಮೆ ಕಾಲಿಟ್ರ ಪೆಡಲ್ ಸುಮ್ಮನ ಕೆಳಗ ಹೋಗ್ತದ, ತಳ ತನಕ, ಉಸಿರಿಲ್ಲದಂಗ. ಅದು ನನಗ ಗೊತ್ತದ. ಗೊತ್ತಿದ್ದು, ಬಾಯಿ ತುದಿಗೆ ಹೋಗು ಅನ್ನೋ ಮಾತು ಬಂದು ಕುಂತದ, ನಡಿ, ಏನಾಗಂಗಿಲ್ಲ, ಅಂದುಬಿಟ್ರ ಅಂಗಳ ಖಾಲಿ ಆಗ್ತದ, ಸೂಗಪ್ಪ ನಗೂದು ಬಿಡ್ತಾನ, ಈ ಸಣ್ಣ ಕಿವಿ ನನ್ನ ಮಾರಿ ಮುಂದಿಂದ ಹೋಗ್ತದ — ಅಷ್ಟರಾಗ ಸೂರ್ಯಕಾಂತನ ಕಣ್ಣು ನನ್ನ ಹೆಗಲ ಮ್ಯಾಲಿಂದ ಹಿಂದಕ್ಕ ಹೋತು, ಮಾರಿ ಅರಳಿತು, ಬಂದ್ರು ನೋಡ್ರಿ ಚಾಚಿ.

ಬಂದಾಳ. ಬ್ಯಾಡ ಅಂದ್ರೂ ಬಂದಾಳ. ನಾನು ತಿರುಗಲಿಲ್ಲ. ತಿರುಗಿದ್ರ ಗಂಟು ಕಾಣ್ತದ, ಗಂಟು ಕಂಡ್ರ ನಡದುಬಿಡ್ತೀನಿ ಆ ಕಡಿ, ಕಾಲು ರೂಢಿ ಆಗ್ಯಾವ. ಬೆನ್ನ ಹಿಂದ ಬೇವಿನ ಬುಡದಾಗ ಗಂಟು ಕುಂತದ ಅಂತ ನನ್ನ ಬೆನ್ನಿಗೇ ಗೊತ್ತಾಗಲಿಕತ್ತದ, ಎಡಕ್ಕಿಟ್ಟಾಳೋ ಬಲಕ್ಕಿಟ್ಟಾಳೋ, ಮುಂದೋ ಹಿಂದೋ, ಸೂರ್ಯಕಾಂತ ನೋಡಲಿಕತ್ತಾನ, ಸೂಗಪ್ಪ ಸೋಸೋ ಅರಬಿ ಕೈಯಾಗ ಹಿಡಕೊಂಡು ನೋಡಲಿಕತ್ತಾನ, ಇಡೀ ವಾಡಿಗೆ ಕಾಣ್ತದ, ನನಗಷ್ಟೇ ಕಾಣೂದಿಲ್ಲ, ಯಾಕಂದ್ರ ನಾ ತಿರುಗಂಗಿಲ್ಲ. ಆಕಿ ಏನೋ ಅಂದಿರಬೇಕು, ಸೂರ್ಯಕಾಂತ ಅದಕ್ಕ ಜವಾಬು ಕೊಡ್ತಾನ, ಇಲ್ರಿ ಚಾಚಿ, ಇನ್ನಾ ಸಿಕ್ಕಿಲ್ಲ. ಏನಂದ್ಲು. ಏನೋ ಅಂದ್ಲು. ನನ್ನ ಬೆನ್ನು ದಾಟಿ, ನನ್ನ ಕಿವಿ ದಾಟಿ ಅವನ ಕಿವಿಗೆ ಹೋತು, ನನ್ನ ಹೆಂಡತಿ ಮೆಲ್ಲಗ ಆಡಿದ ಮಾತು, ಎಷ್ಟು ವರ್ಷ ಆತು ನಾನು ಅಂಥಾದ್ದು ಕೇಳಿ, ಇವ ಬೀಡಿ ಸಿಗಿಸಿದ ಕಿವೀಲೇ ಕೇಳಿ ಜವಾಬೂ ಕೊಟ್ಟ, ಹಂಗೇ, ಸರಳ. ಹೋಗು ಅಂದೆ ನಾನು. ನನ್ನ ದನಿ ನನಗ ಕೇಳಿಸ್ತು. ಹೋಗು, ಏನಾಗಂಗಿಲ್ಲ, ನಡೀತದ.

ಅವ ಹೋಗಲಿಲ್ಲ. ಚಾವಿ ತಿರುವಲಿಲ್ಲ, ನನ್ನ ಮಾರಿ ನೋಡ್ದ, ಬೇವಿನ ಕಡಿ ನೋಡ್ದ, ಬೀಡಿ ಕಿವಿಯಿಂದ ತಗದು ಬಲಗೈಯಾಗ ಹಿಡಕೊಂಡ, ಚಾಚಾ ಅಂದ, ಮೆಲ್ಲಗ ಕಾಲು ಪೆಡಲ್ ಮ್ಯಾಲ ಇಟ್ಟ. ಮುಳ್ಳು ಇಳೀತು. ಎಲ್ಲಾರೂ ಸುಮ್ಮನ ನಿಂತಾರ, ಯಾರ ಬಾಯೂ ಆಡವಲ್ದು, ಅವರು ಕೇಳಲಿಕತ್ತಾರ, ನಾನು ನೋಡಲಿಕತ್ತೀನಿ. ನನ್ನ ಬಾಜೂಲೇ ನೆರಳು ಹೋತು. ಅಮೀರ್ಬೀ. ಬೇವಿನ ಬುಡ ಬಿಟ್ಟು, ಅಂಗಳ ದಾಟಿ, ಇಷ್ಟು ವರ್ಷ ದಾಟದ ಅಂಗಳ ಅದು, ಡೀಸಲ್ ಬಿದ್ದು ಕರ್ರಗಾದ ನೆಲ, ಚಪ್ಪಲಿ ಅಂಟ್ತಾವ, ಅವನ್ನ ಎಳಕೋತ ಲಾರಿಯ ಎಡಗಡಿಗೆ ಹೋದ್ಲು, ಹಿಂದಿನ ಗಾಲಿ ಮುಂದ ಕುಕ್ಕರಗಾಲಿಲೇ ಕುಂತ್ಲು, ನಾನು ಮೆಟ್ಟಿಲಿಳದು ಲಾರಿ ಮೂತಿ ತನಕ ಬಂದು ನಿಂತೆ. ಓಢಣಿ ಸರಿಸಿ ಕಿವಿ ಹಿಂದ ಸಿಗಿಸಿದ್ಲು. ಕಿವಿ ಬಯಲಿಗೆ ಬಂತು, ಅಂಚಿಗುಂಟ ಹುಡುಗಿದ್ದಾಗ ಚುಚ್ಚಿಸಿದ ತೂತು, ಈಗ ಬಾಲಿ ಇಲ್ಲ, ತೂತಷ್ಟೇ ಅವ, ಅದನ್ನೂ ನಾನೊಬ್ಬನೇ ನೋಡಿದ್ದೆ, ಈಗ ಸೂಗಪ್ಪ ಗಲ್ಲಾ ಬಿಟ್ಟು ಬಂದು ನಿಂತಾನ, ಸೂರ್ಯಕಾಂತ ಎಡಗಡಿ ಖಿಡಕಿಯಿಂದ ಅರ್ಧ ಮೈ ಹೊರಗ ಹಾಕ್ಯಾನ, ಆ ಕಿವಿ ನೋಡಲಿಕತ್ತಾರ, ಆ ಕಿವಿ ಏನು ಹೇಳ್ತದ ಅಂತ, ಕೈ ಚಾಚಿ ಅದನ್ನ ಮುಚ್ಚಬೇಕು ಅಂತದ ನನ್ನ ಕೈ, ಸಾಬೂನ ಕೈ. ಬರ್ರಿ ಅಂದ್ಲು ಆಕಿ. ತುಟಿ ನೋಡಿ ತಿಳೀತು. ಬರ್ರಿ, ಇಲ್ಲಿ, ಹಿಂಭಾಗದಾಗ, ಮ್ಯಾಲ. ಬೆರಳು ತೋರಿಸಿದ್ಲು, ಮುಟ್ಟಲಿಲ್ಲ.

ಹೋದೆ. ಸಾಬೂನ ಡಬ್ಬಿ, ಬ್ರಶ್ ತಗೊಂಡು ಹೋದೆ, ಹೋಗದೇ ಏನು ಮಾಡ್ಲಿ, ಕುಂಚಾವರಂ ಇಳಕಲು ನನ್ನ ಸಲುವಾಗಿ ಸಪಾಟ ಆಗ್ತದೇನು. ಆಕಿ ಬಾಜುಕ ಕುಂತೆ, ಮೊಳಕಾಲು ಕಟಕ್ ಅಂದಿರಬೇಕು, ಆಕಿ ನನ್ನ ಮೊಳಕಾಲು ನೋಡಿದ್ಲು. ಚಾಸಿಯಿಂದ ಗಾಲಿಗೆ ಬರೋ ರಬ್ಬರ್ ನಳಿ, ಕಲ್ಲಿನ ಭಾರಕ್ಕ ಕಮಾನು ಪಟ್ಟಿ ಕೆಳಗ ಕುಂತು, ನಳಿ ಅದರ ಕಬ್ಬಿಣಕ್ಕ ತಿಕ್ಕಿ, ಹಿಂಭಾಗದಾಗ, ಕೈ ಹಾಕಿದ್ರೂ ಕಣ್ಣಿಗೆ ಕಾಣದ ಜಾಗದಾಗ, ಒಂದು ಸೀಳು, ಉಗುರಿನಷ್ಟು, ಕಾಲು ಒತ್ತಿದಾಗ ತೆರೀತದ, ಬಿಟ್ರ ಮುಚ್ಚಿಕೋತದ. ಒತ್ತು ಅಂದೆ. ಎಡಗಡಿ ಕುಂತು ಇವತ್ತಿಗೆ ಮೊದಲ ಸಲ ಒತ್ತು ಅಂದೆ. ನೊರಿ ಹಚ್ಚಿದೆ. ನೊರಿ ನಡುವಿಂದ ಗುಳ್ಳಿ ಎದ್ದಿತು, ತೆಳ್ಳನ ತೊಗಲು, ಉಬ್ಬಿತು, ಅದರೊಳಗ ಬೇವಿನಗಿಡ ಡೊಂಕಾಗಿ ಕಾಣ್ತು, ಓಢಣಿ ಅಂಚು ಕಾಣ್ತು, ಒಡೀತು, ಮತ್ತ ಉಬ್ಬಿತು, ಒಂದು ಸಪ್ಪಳಾನೂ ಇಲ್ಲ ನನಗ, ಮೊಳದ ದೂರದಾಗ ಅದ, ಸುಸ್ಸ್ ಅನ್ನಲಿಕತ್ತದ ಅಂತ ಎಲ್ಲಾರ ಮಾರಿ ಹೇಳಲಿಕತ್ತದ, ನನಗ ಬರೇ ಉಬ್ಬೂದು ಇಳಿಯೂದು. ಸಿಗ್ತು ಅಂತ ಸೂಗಪ್ಪ ಒದರಿದ. ವಾಹ್ ಚಾಚಿ ಅಂತ ಸೂರ್ಯಕಾಂತ ಅಂದ. ಈ ಸಲ ವಾಹ್ ನನ್ನ ದಾಟಿ ಹೋಗಲಿಲ್ಲ, ನನ್ನ ಕಡಿ ಬರಲೇ ಇಲ್ಲ.

ಪೆಡಲ್ ಬಿಡಿಸಿದೆ, ಗಾಳಿ ಖಾಲಿ ಮಾಡಿದೆ, ಸೀಳಿದ ನಳಿ ಬಿಚ್ಚಿದೆ. ಹೊಸ ನಳಿ ಇಲ್ಲ, ಇದ್ದದ್ದು ಮುಂಜಾನಿ ಬಲಕ್ಕ ಹಾಕಿಬಿಟ್ಟೀನಿ. ಅಮೀರ್ಬೀ ಎದ್ದು ಹೋಗಿ ಗೋಣಿಚೀಲದ ಮ್ಯಾಲ ಒಗದಿದ್ದ ಬಲಗಡಿಯ ಹಳೇ ನಳಿ ತಂದು ಕೊಟ್ಲು, ಏನೂ ಆಗಿರದ ನಳಿ ಅದು, ಅರಬಿಲೇ ಒರಸಿ ಕೊಟ್ಲು. ಅದನ್ನೇ ಹಾಕಿದೆ, ಕಮಾನಿಗೆ ಹತ್ತದಂಗ ತುಸು ಎತ್ತರಕ್ಕ ಕಟ್ಟಿದೆ, ನಟ್ ಬಿಗಿ ಮಾಡಿದೆ, ಭಾಳ ಬಿಗೀಬಾರದು, ಭಾಳ ಬಿಗದ್ರ ಹಿತ್ತಾಳಿ ಸೀಳ್ತದ, ಅದು ಕೈಗೆ ಗೊತ್ತದ, ಕೈ ಇನ್ನಾ ಕಿವುಡ ಆಗಿಲ್ಲ. ಸೂರ್ಯಕಾಂತ ಎಂಜಿನ್ ಚಾಲೂ ಮಾಡಿ ಟಾಕಿ ತುಂಬಿಸಿ ಬಂದ್ ಮಾಡಿದ, ಕಾಲಿಟ್ಟ, ನಾನು ಮೆಟ್ಟಿಲ ಹತ್ತಿ ಮುಳ್ಳು ನೋಡಿದೆ, ಹೋಟೆಲ್ ಕಡಿ ನೋಡಿದೆ, ತಿರುಗಿ ಮುಳ್ಳು ನೋಡಿದೆ, ನಿಂತಲ್ಲೇ ನಿಂತದ. ಈಗ ಹೋಗು ಅಂದೆ. ಸೂರ್ಯಕಾಂತ ನನ್ನ ಕೈ ಹಿಡದ, ಮೊದಲು ಹೋಗು ಅಂದದ್ದು ಅವಗೂ ನೆನಪದ, ನನಗೂ ನೆನಪದ. ಫರಸಿ ತುಂಡು ತಗದೆ. ಚಾಚೀ, ಬರೋವಾಗ ಕುಂಚಾವರಂ ಸೀತಾಫಲ ತರ್ತೀನ್ರಿ ಅಂದ, ಆಕಿ ಏನೋ ಅಂದ್ಲು, ಅವ ನಕ್ಕ, ಲಾರಿ ಹೊಂಟಿತು, ಬಿಳಿ ಧೂಳು ಎದ್ದಿತು, ನನ್ನ ಕಾಲಿನ ಕೆಳಗಿನ ನೆಲ ತುಸು ಹೊತ್ತು ನಡಗಿತು, ನಿಂತಿತು.

ಸೀತಾಫಲ ಆಕಿಗೆ ತರ್ತಾನಂತ. ತರಲಿ. ಬದುಕಿ ಬಂದು ತರಲಿ. ಕೈ ತೊಳಕೊಂಡೆ, ಬ್ರಶ್ ಇನ್ನಾ ಕೈಯಾಗೇ ಅದ, ಬೇವಿನ ಬುಡದಾಗ ಆಕಿ ಗಂಟು ಬಿಚ್ಚಲಿಕತ್ತಾಳ, ಎಡಕ್ಕ ಇಟ್ಟಿದ್ಲು, ಹಿಂದಕ್ಕ ಸರಿಸಿದ್ಲು, ಕಲ್ಲಿನ ಮ್ಯಾಲ ಹಂಗೇ ಅದ, ನಾ ತಿರುಗಿದ್ರ ಕಾಣ್ತಿತ್ತು. ರೊಟ್ಟಿ, ಪುಂಡಿಪಲ್ಯ, ಒಂದು ಉಳ್ಳಾಗಡ್ಡಿ, ದಿನದ ನಾಕು ರೊಟ್ಟಿ ಬದಲಿ ಇವತ್ತು ಇಬ್ಬರ ಊಟ ತಂದಾಳ, ತಂದು, ಬ್ಯಾಡ ಅಂದವನ ಸಲುವಾಗಿ ತಂದು, ಕುಂದ್ರಿ ಅಂತ ಕಣ್ಣೀಲೇ ಅಂದ್ಲು. ಓಢಣಿ ಇನ್ನಾ ಕಿವಿ ಹಿಂದೇ ಅದ, ಎಳಕೊಂಡಿಲ್ಲ, ಎಳಕೋ ಅನಬೇಕು ಅಂದುಕೊಂಡೆ, ಅನಲಿಲ್ಲ. ಹೋಟೆಲ್‌ನ್ಯಾಗ ಸೂಗಪ್ಪ ಚಾ ಕೆಟಲ್ ಎತ್ತಿದವ ಎತ್ತಿದಂಗೇ ನಿಂತ, ಗಲ್ಲಾದ ಮ್ಯಾಲಿನ ರೇಡಿಯೋಕ್ಕ ಕೈ ಚಾಚಿದ, ಅದರ ಕಿವಿ ತಿರುವಿದ, ಕೆಂಪು ದೀಪ ಆರಿತು. ರೇಡಿಯೋ ಬಂದ್ ಮಾಡಿದ. ಯಾಕ ಮಾಡಿದ. ಕಟ್ಟಿ ಮ್ಯಾಲ ಕುಂತವರಿಗೆ ತುಟಿ ಮ್ಯಾಲ ಬೆರಳು ಇಟ್ಟು ತೋರಿಸಿದ, ಅವರೂ ಈ ಕಡಿ ತಿರುಗಿದ್ರು, ಒಬ್ಬನೂ ಅಲುಗಾಡವಲ್ಲ. ನಾನು ರೊಟ್ಟಿ ಮುರದೆ. ಆಕಿ ಬಾಯಿ ಮುಚ್ಚೇ ಅದ, ಉಳ್ಳಾಗಡ್ಡಿ ಸುಲೀಲಿಕತ್ತಾಳ, ಕಣ್ಣು ಎಲ್ಲೋ ಕುರಕುಂಟಾ ಕಡಿ, ನನ್ನ ಬಲಗಿವಿ ಆಕಿ ಕಡಿ ತಿರುವಿದೆ, ಬಗ್ಗಿದೆ, ಗಾಳಿ ಅದ, ಬೇವಿನ ಎಲಿ ಅದ, ಏನೂ ಇಲ್ಲ — ಗಂಟಲಿನ ಬುಡದಾಗ, ಎರಡು ಎಲುಬಿನ ನಡುವ, ಆ ಕುಣಿ, ತೆಳ್ಳನ ತೊಗಲು, ಉಬ್ಬಲಿಕತ್ತದ, ಇಳೀಲಿಕತ್ತದ, ಉಬ್ಬಲಿಕತ್ತದ